ಉದ್ಘಾಟನೆಯಾಗದ ಊಟ

ಹಸಿದ ಹುಡುಗರಿಗೆ ಊಟ ಹಾಕುವ ಮುಂಚೆ ರಿಬ್ಬನ್ ಕತ್ತರಿಸಬೇಕೇ ಬೇಡವೇ ಎಂದು ತೀರ್ಮಾನಿಸಲು ನಮ್ಮ ಸಮಿತಿ ಎರಡು ಸಭೆ ನಡೆಸಿತು. ಮೊದಲ ಸಭೆಯಲ್ಲಿ ಕತ್ತರಿಸಬೇಕು ಎಂದಾಯಿತು. ಎರಡನೆಯದರಲ್ಲಿ ರಿಬ್ಬನ್ ಹಸಿರು ಬಣ್ಣದ್ದಾಗಿರಬೇಕು ಎಂದಾಯಿತು, ಏಕೆಂದರೆ ಊಟ ಆರೋಗ್ಯಕರವಾದದ್ದು. ಊಟ ಎಷ್ಟು ಹೊತ್ತಿಗೆ ಎಂಬ ಪ್ರಶ್ನೆಯನ್ನು ನಾನು ಎತ್ತಿದೆ. ಅದು ಅಡುಗೆಯವರ ವಿಷಯ ಎಂದು ಅಧ್ಯಕ್ಷರು ಹೇಳಿದರು.

ಅಧ್ಯಕ್ಷರ ಹೆಸರು ಹೆರಾಲ್ಡ್ ಮುಸೊಂಡಾ. ತಾಮ್ರದ ಗಣಿಯಲ್ಲಿ ಹಾಜರಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಅದಾದ ಮೇಲೆ ನಮ್ಮ ಗಣಿ ಊರು ಮುಫುಲಿರಾದಲ್ಲಿ ಯಾವ ಸಮಿತಿ ಹುಟ್ಟಿದರೂ ಅದಕ್ಕೆ ಅವರೇ ಅಧ್ಯಕ್ಷರು. ಕೋಣೆಯಲ್ಲಿ ಕೈಯಿರುವ ಕುರ್ಚಿ ಒಂದೇ ಇದ್ದರೆ ಅದು ಅವರದು. ಎರಡಿದ್ದರೆ ಇನ್ನೊಂದರ ಮೇಲೆ ಅವರ ಕೋಟು. ಅಕ್ಟೋಬರ್ ತಿಂಗಳ ಸೆಕೆಯಲ್ಲಿ ನಾಯಿಗಳು ಚರಂಡಿಯಲ್ಲಿ ಮಲಗಿರುವಾಗಲೂ ಅವರು ಕೋಟು ತರುವುದನ್ನು ಬಿಡಲಿಲ್ಲ.

ನಮ್ಮ ಕಸಾಂಬಾ ಬಡಾವಣೆಯ ಯುವ ಕೇಂದ್ರ ಗಣಿಯವರು ಕಾರ್ಮಿಕರಿಗಾಗಿ ಕಟ್ಟಿಸಿದ ಹಳೆಯ ಕಟ್ಟಡದಲ್ಲಿದೆ. ಹಿಂದೆ ಅಲ್ಲಿ ಸಿನಿಮಾ ಇತ್ತು, ಗ್ರಂಥಾಲಯ ಇತ್ತು, ಬಾಕ್ಸಿಂಗ್ ಕಣ ಇತ್ತು. ಗಣಿ ಕೈ ಬದಲಾದಾಗ ಸಿನಿಮಾ ಯಂತ್ರವೂ ಪುಸ್ತಕಗಳೂ ಯಾರದೋ ಮನೆ ಸೇರಿದವು. ಬಾಕ್ಸಿಂಗ್ ಕಣ ಹೊರಲಾರದಷ್ಟು ಭಾರವಾಗಿದ್ದರಿಂದ ಉಳಿಯಿತು. ಸಮಿತಿಯೂ ಉಳಿಯಿತು, ಅದೇ ಕಾರಣಕ್ಕೆ ಇರಬೇಕು. ನಾನು ಆ ಸಮಿತಿಯಲ್ಲಿ ಇರುವುದು ಹಿಂದೆ ಪತ್ರಿಕೆಯೊಂದಕ್ಕೆ ವರದಿಗಾರನಾಗಿದ್ದೆ ಎಂಬ ಒಂದೇ ಕಾರಣಕ್ಕೆ. ಹೊರದೇಶದ ದಾನಿ ಸಂಸ್ಥೆಯೊಂದು ಕೇಂದ್ರಕ್ಕೆ ಬರುವ ಯುವಕ ಯುವತಿಯರಿಗೆ ದಿನಾ ಮಧ್ಯಾಹ್ನ ಉಚಿತವಾಗಿ ಪೌಷ್ಟಿಕ ಊಟ ಕೊಡಲು ಒಪ್ಪಿದಾಗ, ಫೋಟೋದ ಕೆಳಗೆ ನಾಲ್ಕು ಸಾಲು ಬರೆಯಲು ಒಬ್ಬ ಬೇಕು ಎಂದು ಮುಸೊಂಡಾ ನನ್ನನ್ನು ಕರೆದರು.

ದಾನಿಗಳ ಷರತ್ತು ಸರಳವಾಗಿತ್ತು. ಮೆಕ್ಕೆಜೋಳದ ಮುದ್ದೆ ತೌಡು ತೆಗೆಯದ ಹಿಟ್ಟಿನದಾಗಿರಬೇಕು. ಜೊತೆಗೆ ಹುರುಳಿಕಾಯಿ ಬೀಜದ ಸಾರು, ಕಡಲೆಕಾಯಿ ಪುಡಿ ಹಾಕಿ ಬೇಯಿಸಿದ ದಂಟಿನ ಸೊಪ್ಪು, ಒಣಗಿದ ಸಣ್ಣ ಮೀನು. ಮುಸೊಂಡಾ ಇದನ್ನೆಲ್ಲ ಗೋಡೆಯ ಮೇಲೆ ಬಣ್ಣದ ಚಿತ್ರವಾಗಿ ಬರೆಸಿದರು. ಬರೆದವನಿಗೆ ಸಣ್ಣ ಮೀನು ಬರೆಯಲು ಬಾರದೆ ತಟ್ಟೆಯ ತುಂಬ ಒಂದು ಮೊಸಳೆ ಮಲಗಿತ್ತು. ಅದರ ಕೆಳಗೆ ಅಧ್ಯಕ್ಷರ ಹೆಸರು.

ಉದ್ಘಾಟನೆ ಶನಿವಾರ. ಮುಖ್ಯ ಅತಿಥಿ ಬೊನಿಫೇಸ್ ಕಪಂಬ್ವೆ, ತಾಮ್ರದ ಅದಿರು ಸಾಗಿಸುವ ಲಾರಿಗಳ ಧಣಿ. ಊರೆಲ್ಲ ಅವರನ್ನು ಬ್ವಾನಾ, ಅಂದರೆ ಧಣಿ, ಎಂದೇ ಕರೆಯುತ್ತಿತ್ತು. ಮುಂದಿನ ಚುನಾವಣೆಗೆ ನಿಲ್ಲುವ ಆಸೆ ಅವರಿಗಿತ್ತು. ಅದನ್ನು ಅವರು ಹೇಳಿರಲಿಲ್ಲ. ಆದರೆ ಒಂದು ವರ್ಷದಿಂದ ಊರಿನ ಯಾವ ಸಾವಿನ ಮನೆಗೂ ಹೋಗುವುದನ್ನು ತಪ್ಪಿಸಿರಲಿಲ್ಲ.

ಅದೇ ಶನಿವಾರ ಸಂಜೆ ಪಕ್ಕದ ಬಡಾವಣೆಯ ಸಭಾಂಗಣದಲ್ಲಿ ವಲಯ ಮಟ್ಟದ ಬಾಕ್ಸಿಂಗ್ ಅಂತಿಮ ಪಂದ್ಯಗಳಿದ್ದವು. ನಮ್ಮ ಕೇಂದ್ರದಿಂದ ಅಂತಿಮಕ್ಕೆ ಬಂದವಳು ಒಬ್ಬಳೇ, ತಿಯಾಮಿಕೆ ಜೆರೆ. ವಯಸ್ಸು ಹತ್ತೊಂಬತ್ತು. ಗೆದ್ದರೆ ರಾಜಧಾನಿ ಲುಸಾಕಾದ ತರಬೇತಿ ಶಿಬಿರಕ್ಕೆ ಆಯ್ಕೆ: ಹಾಸಿಗೆ, ಬೂಟು, ಮೂರು ಹೊತ್ತು ಊಟ. ಸೋತರೆ ಮತ್ತೆ ತಾಯಿಯ ಜೊತೆ ಮಾರುಕಟ್ಟೆಯಲ್ಲಿ ಈರುಳ್ಳಿ ಗುಡ್ಡೆ ಹಾಕುವುದು. ತನ್ನ ತೂಕದ ವರ್ಗಕ್ಕೆ ಇಳಿಯಲು ಅವಳು ಹಿಂದಿನ ದಿನವೆಲ್ಲ ಏನೂ ತಿಂದಿರಲಿಲ್ಲ. ನೀರನ್ನೂ ಬಾಯಿ ಮುಕ್ಕಳಿಸಿ ಉಗಿದಿದ್ದಳು. ಬೆಳಿಗ್ಗೆ ಅಧಿಕಾರಿಗಳು ನಮ್ಮ ಕೇಂದ್ರಕ್ಕೇ ಬಂದು ತೂಕ ನೋಡಿದರು. ಮುಳ್ಳು ಗೆರೆಯ ಮೇಲೆ ನಿಂತಿತು.

"ಆಯ್ತು, ಇಳಿ," ಎಂದರು ಕೋಚ್ ಲೊಂಬೆ. "ಇನ್ನು ತಿನ್ನೋ ಕೆಲಸ. ಮಧ್ಯಾಹ್ನದೊಳಗೆ ಹೊಟ್ಟೆ ತುಂಬಿರ್ಬೇಕು. ತಡವಾಗಿ ತಿಂದ್ರೆ ಕಣದಲ್ಲೇ ಕಕ್ಕೋತೀಯ. ತಿನ್ನದೇ ಹೋದ್ರೆ ಎರಡನೇ ಸುತ್ತಿಗೆ ಕಾಲು ಹೋಗುತ್ತೆ."

"ಕೋಚ್, ಕಾಲು ಈಗ್ಲೇ ಹೋಗಿದೆ. ನಾನು ಮಾತ್ರ ಇಲ್ಲಿ ನಿಂತಿದೀನಿ."

ಅವಳ ಮನೆಯಲ್ಲಿ ಒಲೆ ಹೊತ್ತುವುದು ಸಂಜೆ ಒಂದೇ ಸಲ. ಕಸಾಂಬಾದ ಅರ್ಧ ಮನೆಗಳಲ್ಲಿ ಹಾಗೆಯೇ. ಈ ಊಟದ ಯೋಜನೆ ಬಂದದ್ದೂ ಅದಕ್ಕೇ. ಅಡುಗೆಮನೆಯಲ್ಲಿ ನಾಲ್ಕು ದೊಡ್ಡ ಪಾತ್ರೆ ಒಲೆಯಿಂದ ಇಳಿದಿದ್ದವು. ಲೊಂಬೆ ಅವಳನ್ನು ನೇರವಾಗಿ ಅಲ್ಲಿಗೇ ಕರೆದುಕೊಂಡು ಹೋದರು.

ಅಡುಗೆಯ ಹೆಂಗಸು ಮುಟಾಲೆಯ ತಾಯಿ ಸೌಟು ಎತ್ತಿ ನಿಂತಳು. "ಯಾರೇ ಅದು? ಅಂಗೋನಿ ಹುಡುಗೀನಾ? ಅಯ್ಯೋ ಕಂದಾ, ಇಲ್ಲಿ ಇಲಿ ಬೇಯಿಸಿಲ್ವಲ್ಲೇ. ಮೀನು ಮಾತ್ರ ಇದೆ."

"ಪರವಾಗಿಲ್ಲ ಅತ್ತಿಗೆ. ಕೋತಿ ಮಾಂಸ ಮುಗಿದುಹೋಯ್ತೇನೋ ಪಾಪ, ಅದಕ್ಕೇ ಮೀನಿಗೆ ಬಂದಿದೀರ."

"ಬಾಯಿ ಮಾತ್ರ ತೂಕ ಇಳಿದಿಲ್ಲ ನೋಡು ಇವಳದು."

ನಮ್ಮ ನಾಡಿನ ಎರಡು ಬುಡಕಟ್ಟು, ಬೆಂಬಾಗಳೂ ಅಂಗೋನಿಗಳೂ, ಹಿಂದೊಂದು ಕಾಲದಲ್ಲಿ ಈಟಿ ಹಿಡಿದು ಕಾದಾಡಿದವರು. ಯುದ್ಧ ಮುಗಿದು ಸಿಟ್ಟು ಹೋಯಿತು, ಬೈಗುಳ ಉಳಿಯಿತು. ಈಗ ಬೆಂಬಾ ಆಗಿ ಹುಟ್ಟಿದ ಪ್ರತಿಯೊಬ್ಬರೂ ಅಂಗೋನಿ ಆಗಿ ಹುಟ್ಟಿದ ಪ್ರತಿಯೊಬ್ಬರಿಗೆ ಭಾವ, ಅತ್ತಿಗೆ, ನಾದಿನಿ. ಕಂಡಲ್ಲಿ ಹಂಗಿಸಬಹುದು: ಅಂಗೋನಿಗಳು ಇಲಿ ತಿನ್ನುವವರು, ಬೆಂಬಾಗಳು ಕೋತಿ ತಿನ್ನುವವರು ಎಂದು. ಹಂಗಿಸಿಕೊಂಡವರು ಮುನಿಸಿಕೊಳ್ಳುವಂತಿಲ್ಲ.

ಮುಟಾಲೆಯ ತಾಯಿ ತಟ್ಟೆಗೆ ಒಂದು ಮುದ್ದೆ ಹಾಕಿದ್ದಳು ಅಷ್ಟೆ, ಬಾಗಿಲಲ್ಲಿ ಕೋಟು ಕಾಣಿಸಿತು.

"ಏನಿದು?" ಎಂದರು ಮುಸೊಂಡಾ.

"ಊಟ, ಅಧ್ಯಕ್ಷರೇ," ಎಂದರು ಲೊಂಬೆ.

"ಅದು ಕಾಣುತ್ತೆ. ಬ್ವಾನಾ ಕಪಂಬ್ವೆ ಇನ್ನೂ ಬಂದಿಲ್ಲ. ಅವರು ಕೈ ತೊಳೆಯೋ ಮುಂಚೆ ಪಾತ್ರೆ ಬಾಯಿ ತೆಗೆಯೋದು ಅಂದ್ರೆ ಏನರ್ಥ? ನಮಗೆ ಸಂಸ್ಕೃತಿ ಇಲ್ವಾ?"

"ಇವಳಿಗೆ ಸಂಜೆ ಪಂದ್ಯ ಇದೆ. ನಿನ್ನೆಯಿಂದ ಉಪವಾಸ. ಒಬ್ಬಳಿಗೆ ಹಾಕಿದ್ರೆ ಪಾತ್ರೇಲಿ ಗೊತ್ತೂ ಆಗಲ್ಲ."

"ಇವತ್ತು ಒಬ್ಬಳು ಅಂತೀರಿ. ಆಮೇಲೆ ಸಾಲಲ್ಲಿ ನಿಂತಿರೋರೆಲ್ಲ ಒಬ್ಬೊಬ್ಬರೇ. ಶಿಸ್ತು ಅನ್ನೋದು ಪೌಷ್ಟಿಕಾಂಶ ಇದ್ದ ಹಾಗೆ, ಲೊಂಬೆ. ಚಿಕ್ಕಂದಿನಲ್ಲೇ ಸಿಗ್ಬೇಕು."

ಈ ವಾಕ್ಯ ತಮಗೇ ಇಷ್ಟವಾದದ್ದರಿಂದ ಮುಸೊಂಡಾ ಅದನ್ನು ಇನ್ನೊಮ್ಮೆ ಹೇಳಿದರು. ನಂತರ ತಿಯಾಮಿಕೆಯ ಕಡೆ ತಿರುಗಿ, "ಒಂದು ಊಟ ತಡವಾದ್ರೆ ಯಾರೂ ಸಾಯಲ್ಲಮ್ಮಾ," ಎಂದರು.

"ಸಾಯಲ್ಲ ಸಾರ್. ಸೋಲ್ತೀನಿ."

"ನಮ್ಮ ಕಾಲದಲ್ಲಿ ನಾವು ಉಪವಾಸ ಇದ್ದುಕೊಂಡೇ ಓದಿ ಮುಂದೆ ಬಂದ್ವಿ."

ಅವರ ಕಾಲದಲ್ಲಿ ಗಣಿ ಪ್ರತಿ ಮನೆಗೂ ಹಿಟ್ಟಿನ ಚೀಲ ಕೊಡುತ್ತಿತ್ತು. ಅವರ ತಂದೆಯೇ ಅದನ್ನು ಹಂಚುವವರಾಗಿದ್ದರು. ಅದನ್ನು ನಾನು ಅಲ್ಲೇ ಹೇಳಿದೆ. ನನಗೆ ವಯಸ್ಸಾಯಿತು ಎಂಬಂತೆ ಅವರು ನನ್ನ ಭುಜ ತಟ್ಟಿ, ಮುದ್ದೆಯನ್ನು ಪಾತ್ರೆಗೆ ವಾಪಸ್ ಹಾಕಿಸಿ, ಅಡುಗೆಮನೆಗೆ ಬೀಗ ಹಾಕಿ, ಬೀಗದ ಕೈ ಕೋಟಿನ ಜೇಬಿಗೆ ಇಳಿಸಿದರು. ಆ ಜೇಬಿನಲ್ಲಿ ಆಗಲೇ ರಿಬ್ಬನ್ ಕತ್ತರಿ ಇತ್ತು. ಎರಡೂ ತಾಗಿ ಸದ್ದಾಯಿತು.

ಕಚೇರಿ ಕೋಣೆಯಲ್ಲಿ ಸಮಿತಿಯವರಿಗೆ ಚಹಾ, ಬನ್ನು, ಬೇಯಿಸಿದ ಮೊಟ್ಟೆ ಇಟ್ಟಿದ್ದರು. ನಾನು ಒಳಗೆ ಹೋಗುವಷ್ಟರಲ್ಲಿ ಮೊಟ್ಟೆಗಳು ಸಿಪ್ಪೆಯಾಗಿದ್ದವು. ನನ್ನ ಪಾಲಿನ ಬನ್ನನ್ನು ತಂದು ತಿಯಾಮಿಕೆಗೆ ಕೊಟ್ಟೆ. ಅವಳು ಅದನ್ನು ಸಾಲಿನಲ್ಲಿ ನಿಂತಿದ್ದ ಇಬ್ಬರು ಹುಡುಗಿಯರ ಜೊತೆ ಮೂರು ಪಾಲು ಮಾಡಿದಳು.

"ಬನ್ನು ಗಾಳಿ, ಮುದಾಲಾ," ಎಂದರು ಲೊಂಬೆ. ನಮ್ಮ ಕಡೆ ಮುದುಕರನ್ನು ಮರ್ಯಾದೆಯಿಂದ ಕರೆಯುವುದೇ ಹಾಗೆ. "ಒಂದು ಗುದ್ದಿಗೆ ಹೊರಗೆ ಬರುತ್ತೆ."

ಹೊತ್ತು ಏರಿತು. ಅಂಗಳದಲ್ಲಿ ಐವತ್ತರ ಮೇಲೆ ಹುಡುಗ ಹುಡುಗಿಯರು ಸಾಲು ನಿಂತಿದ್ದರು. ಮೊದಲು ಹಾಡಿದರು, ಡೋಲು ಬಡಿದರು. ಅಡುಗೆಮನೆಯ ಕಿಟಕಿಯಿಂದ ಕಡಲೆಕಾಯಿ ಸೊಪ್ಪಿನ ವಾಸನೆ ಬರತೊಡಗಿದ ಮೇಲೆ ಹಾಡು ನಿಂತಿತು. ಮುಸೊಂಡಾ ಗಳಿಗೆಗೊಮ್ಮೆ ಫೋನ್ ಮಾಡುತ್ತಿದ್ದರು. "ದಾರಿಯಲ್ಲಿದ್ದಾರಂತೆ," ಎಂದು ಪ್ರತಿ ಸಲ ಘೋಷಿಸಿದರು. ನಮ್ಮಲ್ಲಿ ದಾರಿಯಲ್ಲಿದ್ದೇನೆ ಎಂದರೆ ಇನ್ನೂ ಸ್ನಾನವಾಗಿಲ್ಲ ಎಂದರ್ಥ.

ತಿಯಾಮಿಕೆ ಗೋಡೆಯ ಮೊಸಳೆಯ ಕೆಳಗೆ ಕಾಲು ಚಾಚಿ ಕುಳಿತಿದ್ದಳು. ತುಟಿ ಬಿಳಚಿತ್ತು. ಲೊಂಬೆ ತಮ್ಮ ಟೋಪಿಯಿಂದ ಅವಳಿಗೆ ಗಾಳಿ ಹಾಕುತ್ತಿದ್ದರು. ಮಧ್ಯೆ ಒಮ್ಮೆ ಎದ್ದು ಹೋಗಿ ಮುಸೊಂಡಾ ಮುಂದೆ ಕೈಕಟ್ಟಿ ನಿಂತು ಮತ್ತೆ ಕೇಳಿದರು. ಇಪ್ಪತ್ತು ವರ್ಷ ಗಣಿಯ ಆಳದಲ್ಲಿ ಬಂಡೆ ಒಡೆದ ಮನುಷ್ಯ, ಒಂದು ಸೌಟು ಸಾರಿಗೆ ಕೈ ಜೋಡಿಸಿದರು. ಮುಸೊಂಡಾ ಕಿವಿಗೆ ಫೋನ್ ಹಿಡಿದುಕೊಂಡೇ ಬೇಡ ಎಂದು ಬೆರಳಾಡಿಸಿದರು. ಆ ಕಡೆಯಿಂದ ಯಾರೂ ಮಾತಾಡುತ್ತಿರಲಿಲ್ಲ. ಫೋನು ತಲೆಕೆಳಗಾಗಿತ್ತು.

ಕೊನೆಗೆ ನಿಜವಾದ ಕರೆ ಬಂತು. ಮಾತಾಡುತ್ತ ಮುಸೊಂಡಾ ಎದ್ದು ನಿಂತರು, ಟೋಪಿ ತೆಗೆದರು.

"ಮುದಾಲಾ ಚಿಸಾಂಗಾ ತೀರ್ಕೊಂಡ್ರಂತೆ," ಎಂದು ನಮಗೆ ಹೇಳಿದರು. "ಬೆಳಗಿನ ಜಾವ. ಬ್ವಾನಾ ಕಪಂಬ್ವೆ ನೇರ ಸಾವಿನ ಮನೆಗೇ ಹೋಗಿದ್ದಾರೆ. ಹೆಣ ಇಟ್ಕೊಂಡಿರೋವಾಗ ರಿಬ್ಬನ್ ಕತ್ತರಿಸೋಕೆ ಬರಲ್ಲ ಅಂದ್ರು. ಎಂಥ ಮನುಷ್ಯ!"

ಚಿಸಾಂಗಾ ಗಣಿಯ ಹಳೆಯ ಮೇಸ್ತ್ರಿ. ಮನೆ ಎರಡು ಬೀದಿ ಆಚೆ. ಆ ಅಂಗಳದಲ್ಲಿ ಮುನ್ನೂರು ಜನ ಇರುತ್ತಾರೆ, ಇಲ್ಲಿ ಐವತ್ತು, ಅದರಲ್ಲೂ ಅರ್ಧಕ್ಕೆ ಮತದ ವಯಸ್ಸಿಲ್ಲ. ಎಂಥ ಮನುಷ್ಯ ಎಂಬುದರ ಬಗ್ಗೆ ನನಗೆ ಸಂಶಯವಿರಲಿಲ್ಲ.

"ಹಂಗಾದ್ರೆ ಹುಡುಗರಿಗೆ ಬಡಿಸ್ಬಹುದಲ್ಲ," ಎಂದಳು ಮುಟಾಲೆಯ ತಾಯಿ.

ಮುಸೊಂಡಾ ಒಂದು ಕ್ಷಣ ಯೋಚಿಸಿದರು. ಅವರು ಯೋಚಿಸುವಾಗ ಕೋಟಿನ ಗುಂಡಿ ಹಾಕಿಕೊಳ್ಳುತ್ತಾರೆ. "ಅತಿಥಿ ಊಟದ ಹತ್ರ ಬರೋಕಾಗ್ದಿದ್ರೆ, ಊಟಾನೇ ಅತಿಥಿ ಹತ್ರ ಹೋಗ್ಬೇಕು. ಪಾತ್ರೆ ಗಾಡಿಗೆ ಹಾಕ್ಸು."

"ಅಯ್ಯೋ, ಇದು ಈ ಮಕ್ಕಳ ಊಟ!"

"ಎರಡು ಬೀದಿ ಆಚೆ ಸಾವಾಗಿರೋವಾಗ ನಾವಿಲ್ಲಿ ಕೂತು ಉಣ್ಣೋದಾ? ಸಾವಿನ ಮನೆಗೆ ಊಟ ಕಳಿಸ್ಬೇಡ ಅಂತೀಯಾ ನೀನು? ಹೇಳು, ಎಲ್ಲರ ಮುಂದೆ ಹೇಳು."

ಹಾಗೆಂದು ಯಾರು ಹೇಳುತ್ತಾರೆ? ಸತ್ತ ಮನೆಗೆ ಬೆಂದ ಪಾತ್ರೆ ಕಳಿಸುವುದು ನಮ್ಮಲ್ಲಿ ಕಡ್ಡಾಯ. ಒಳ್ಳೆಯ ಪದ್ಧತಿ. ನೀಚ ಕೆಲಸ ಮಾಡುವವರು ಒಳ್ಳೆಯ ಪದ್ಧತಿಗಳನ್ನೇ ಹುಡುಕಿ ಅದರ ಹಿಂದೆ ನಿಲ್ಲುತ್ತಾರೆ, ಕಳ್ಳ ಚರ್ಚಿನ ಗೋಡೆಯ ಹಿಂದೆ ನಿಂತಂತೆ. ನಾಲ್ಕು ಪಾತ್ರೆ ತಳ್ಳುಗಾಡಿಯೇರಿದವು. ಅವುಗಳ ಹಿಂದೆ ಮುಸೊಂಡಾ ಮನೆಯಿಂದ ಬಂದ ಒಂದು ಬುಟ್ಟಿಯೂ ಹೊರಟಿತು, ಮೇಲೆ ಬಿಳಿ ಬಟ್ಟೆ ಮುಚ್ಚಿತ್ತು.

ಸಾಲು ಚದುರಲಿಲ್ಲ. ಎಲ್ಲಿಗೆ ಹೋಗುವುದು ಎಂದು ತಿಳಿಯದೆ ಹಾಗೇ ನಿಂತಿತ್ತು. ತಿಯಾಮಿಕೆ ಗಾಡಿ ಗೇಟು ದಾಟುವವರೆಗೂ ನೋಡಿದಳು.

"ಕೋಚ್, ಆ ಚಿಸಾಂಗಾ ಅಜ್ಜ ಬೆಂಬಾನಾ?"

"ಅಪ್ಪಟ ಬೆಂಬಾ. ಉತ್ತರದ ಕಸಾಮಾ ಕಡೆಯೋರು. ಯಾಕೆ?"

ಅವಳು ಮುಟಾಲೆಯ ತಾಯಿಯ ಕಡೆ ಕೈ ಚಾಚಿದಳು. "ಅತ್ತಿಗೆ, ನಿಮ್ಮ ಸೊಂಟದ ಬಟ್ಟೆ ಕೊಡಿ. ಪ್ಯಾಂಟಲ್ಲಿ ಸಾವಿನ ಮನೆಗೆ ಹೋಗೋಕಾಗಲ್ಲ."

ಮುಟಾಲೆಯ ತಾಯಿ ಅವಳ ಮುಖ ನೋಡಿದಳು. ನಂತರ ನಗು ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದು, ಲಂಗದ ಮೇಲೆ ಸುತ್ತಿದ್ದ ಬಟ್ಟೆ ಬಿಚ್ಚಿ ಕೊಟ್ಟಳು. ತಿಯಾಮಿಕೆ ಅದನ್ನು ಪ್ಯಾಂಟಿನ ಮೇಲೆ ಸುತ್ತಿ ಗಂಟು ಹಾಕಿ ಸಾಲಿನ ಕಡೆ ತಿರುಗಿದಳು.

"ನಡೀರ್ರೋ. ಅಳೋಕೆ ಹೋಗೋಣ."

ಚಿಸಾಂಗಾ ಅವರ ಅಂಗಳದಲ್ಲಿ ಮರದ ದಿಮ್ಮಿಗೆ ಬೆಂಕಿ ಹಾಕಿ ಗಂಡಸರು ಸುತ್ತ ಕುಳಿತಿದ್ದರು. ಹೆಂಗಸರು ಒಳಗೆ, ಸಾಮಾನು ಹೊರಗೆ ಹಾಕಿ ಬರಿದಾದ ನೆಲದ ಮೇಲೆ, ವಿಧವೆಯ ಸುತ್ತ. ಹೊರಗೆ ಹಾಕಿದ ಸಾಮಾನಿನಲ್ಲಿ ಒಂದು ಸೋಫಾ ಇತ್ತು. ಅದರ ಮೇಲೆ ಕಪಂಬ್ವೆ ಕುಳಿತಿದ್ದರು. ದುಃಖಕ್ಕೆ ಎಷ್ಟು ಬೇಕೋ ಅಷ್ಟೇ ತಲೆ ತಗ್ಗಿಸಿದ್ದರು, ಮುಖ ಕಾಣದಷ್ಟು ಅಲ್ಲ.

ಅವರ ಮುಂದೆ ಸ್ಟೂಲು ಇಟ್ಟು ಮುಸೊಂಡಾ ಬುಟ್ಟಿ ಬಿಚ್ಚಿದರು. ಬೆಳ್ಳಗಿನ ನಯ ಹಿಟ್ಟಿನ ಮುದ್ದೆ, ಎಣ್ಣೆ ತೇಲುವ ನಾಟಿ ಕೋಳಿ. ಆರೋಗ್ಯಕರ ಊಟದ ಉದ್ಘಾಟಕರಿಗೆ ಆ ಆರೋಗ್ಯಕರ ಊಟವನ್ನೇ ಬಡಿಸುವ ಯೋಚನೆ ಸಮಿತಿಯಲ್ಲಿ ಯಾರಿಗೂ ಬಂದಿರಲಿಲ್ಲ. ತೌಡು ಸಹಿತದ ಕಂದು ಮುದ್ದೆ ಬಡವರ ಊಟ, ಅದನ್ನು ದೊಡ್ಡವರ ಮುಂದೆ ಇಟ್ಟರೆ ಅವಮಾನ. ಕೋಳಿಯ ಹೊಟ್ಟೆಯಲ್ಲಿ ಕಾಳು ಅರೆಯುವ ಗಟ್ಟಿ ತುಂಡನ್ನು ಎಲ್ಲದರ ಮೇಲೆ ಕಾಣುವಂತೆ ಇಟ್ಟಿದ್ದರು. ಅದು ಮನೆಯ ಯಜಮಾನನಿಗೆ, ಯಜಮಾನನಿಗಿಂತ ದೊಡ್ಡ ಅತಿಥಿ ಬಂದರೆ ಅವನಿಗೆ. ಹೆಂಗಸರು ಅದನ್ನು ತೊಳೆಯುತ್ತಾರೆ, ಬೇಯಿಸುತ್ತಾರೆ, ತಿನ್ನುವುದಿಲ್ಲ.

ಮುಸೊಂಡಾ ತಾವೇ ಬಗ್ಗಿ ಕಪಂಬ್ವೆ ಕೈಗೆ ನೀರು ಸುರಿಯಲು ತಂಬಿಗೆ ಎತ್ತಿದರು. ಆಗ ಗೇಟಿನ ಹತ್ತಿರ ಗೋಳು ಕೇಳಿಸಿತು.

"ಅಯ್ಯಯ್ಯೋ! ಒಂದು ಕೋತಿ ಕಡಿಮೆ ಆಯ್ತಲ್ಲಪ್ಪೋ! ನಮ್ಮ ಹೊಲದ ಜೋಳ ಇನ್ಯಾರು ಕದೀತಾರಪ್ಪೋ! ಕಾಡಲ್ಲಿ ಮರಗಳೆಲ್ಲ ವಿಧವೆ ಆದ್ವಲ್ಲಪ್ಪೋ!"

ತಿಯಾಮಿಕೆ ತಲೆಯ ಮೇಲೆ ಕೈ ಹೊತ್ತು ಬರುತ್ತಿದ್ದಳು. ಹಿಂದೆ ಐವತ್ತು ಜನ. ಬೆಂಕಿಯ ಸುತ್ತಲಿನ ತಲೆಗಳೆಲ್ಲ ಗೇಟಿನ ಕಡೆ ತಿರುಗಿದವು. ನಂತರ ಒಳಗಿನಿಂದ, ಹೆಂಗಸರ ನಡುವಿನಿಂದ, ಒಂದು ನಗು ಬಂತು. ಅದು ವಿಧವೆಯ ನಗು, ಅಳುವಿನ ಮಧ್ಯದಿಂದಲೇ ಒಡೆದುಕೊಂಡು ಬಂದದ್ದು. ಬೆಳಗಿನಿಂದ ಅವರು ಬಾಯಿ ಬಿಟ್ಟಿರಲಿಲ್ಲವಂತೆ.

"ಬಂದ್ಲಪ್ಪಾ ಇಲಿ ಬೇಟೆಗಾರ್ತಿ!" ಎಂದು ಸತ್ತವರ ಅಣ್ಣ ಕೋಲು ಎತ್ತಿ ಕೂಗಿದರು. ಹಲ್ಲಿಲ್ಲದ ಬಾಯಿ ಅಗಲವಾಗಿತ್ತು. "ಬಾ ಬಾ. ನಮ್ಮ ಭಾವಂದಿರು ಇಷ್ಟೊತ್ತಾದ್ರೂ ಬಂದಿಲ್ವಲ್ಲ, ಬಿಲ ಅಗೀತಾ ಕೂತಿದಾರೇನೋ ಅಂದ್ಕೊಂಡೆ."

ಬೆಂಬಾ ಸತ್ತರೆ ಅವರ ಸಾವಿನ ಮನೆಯಲ್ಲಿ ಅಂಗೋನಿಗಳದೇ ದರ್ಬಾರು. ಗುಂಡಿ ತೋಡುವುದು, ನೀರು ಹೊರುವುದು ಅವರ ಕೆಲಸ. ಅಣಕಿಸುವುದು, ಕಸಿಯುವುದು, ಕಂಡದ್ದನ್ನು ನನ್ನದು ಎನ್ನುವುದು ಅವರ ಹಕ್ಕು. ಇದು ಕಸಾಂಬಾದ ಪ್ರತಿ ಮಗುವಿಗೂ ಗೊತ್ತು. ಸ್ವತಃ ಬೆಂಬಾ ಆಗಿದ್ದ ಮುಸೊಂಡಾಗೂ ಗೊತ್ತಿತ್ತು. ಆದರೆ ಅವರು ಬೆಳಗಿನಿಂದ ಒಬ್ಬರೇ ಒಬ್ಬ ಅತಿಥಿಯ ಬಗ್ಗೆ ಮಾತ್ರ ಯೋಚಿಸಿದ್ದರು. ಊಟವನ್ನು ಬೀಗದೊಳಗಿನಿಂದ ತೆಗೆದು, ಬೀಗವೇ ಇಲ್ಲದ ಏಕೈಕ ಅಂಗಳಕ್ಕೆ ತಾವೇ ತಂದಿಟ್ಟಿದ್ದರು.

ತಿಯಾಮಿಕೆ ನೇರ ಸೋಫಾದ ಹತ್ತಿರ ನಡೆದಳು. ಮುಸೊಂಡಾ ಸುರಿಯುತ್ತಿದ್ದ ನೀರಿಗೆ, ಕಪಂಬ್ವೆ ಕೈಗಳ ಮೇಲೆ, ತನ್ನ ಎರಡೂ ಕೈ ಒಡ್ಡಿದಳು. ಚೆನ್ನಾಗಿ ತೊಳೆದಳು, ಬೆರಳ ಸಂದಿಯನ್ನೂ ಬಿಡದೆ. ಗಾಬರಿಗೆ ಮುಸೊಂಡಾ ಸುರಿಯುತ್ತಲೇ ಇದ್ದರು.

"ಸಾಕು ಭಾವ," ಎಂದಳು ಮುಸೊಂಡಾಗೆ. "ಸ್ನಾನ ಮಾಡಿಸ್ಬೇಡ." ಸ್ಟೂಲಿನ ಮುಂದೆ ನೆಲಕ್ಕೆ ಕುಳಿತಳು. "ಅಯ್ಯೋ, ನನ್ನ ಭಾವಂದಿರಿಗೆ ನನ್ನ ಮೇಲೆ ಎಷ್ಟು ಪ್ರೀತಿ! ಕೋಳಿ ಕುಯ್ದಿದಾರೆ!"

"ಏಯ್ ಹುಡುಗಿ! ಇದು ಬ್ವಾನಾ ಅವರ—"

"ಮುಸೊಂಡಾ," ಎಂದರು ಸತ್ತವರ ಅಣ್ಣ ಮೆಲ್ಲಗೆ. "ಸಿಟ್ಟು ಮಾಡ್ಕೊಂಡ್ಯಾ? ನನ್ನ ತಮ್ಮನ ಸಾವಲ್ಲಿ ಭಾವಂದಿರ ಮೇಲೆ ಸಿಟ್ಟಾ? ಸಿಟ್ಟಾದೋನು ದಂಡ ಕಟ್ಬೇಕು, ಗೊತ್ತಲ್ಲ. ಒಂದು ಕೋಳಿ."

"ಇಲ್ಲ ಇಲ್ಲ, ಸಿಟ್ಟೆಲ್ಲಿ, ನಾನು—"

"ಹಂಗಾದ್ರೆ ನಗು."

ಮುಸೊಂಡಾ ನಕ್ಕರು. ಹಲ್ಲು ಕೀಳಿಸಿಕೊಳ್ಳುವವರ ಮುಖ ನಾನು ನೋಡಿದ್ದೇನೆ, ಅದು ಇದಕ್ಕಿಂತ ಹರ್ಷವಾಗಿರುತ್ತದೆ.

ಎಲ್ಲರೂ ಈಗ ಕಪಂಬ್ವೆಯನ್ನು ನೋಡುತ್ತಿದ್ದರು. ಕಪಂಬ್ವೆ ಎಲ್ಲರನ್ನೂ ನೋಡಿದರು. ಅವರ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ತಿಯಾಮಿಕೆ ಆ ಗಟ್ಟಿ ತುಂಡನ್ನು ಎರಡು ಬೆರಳಲ್ಲಿ ಎತ್ತಿ ಎಲ್ಲರಿಗೂ ತೋರಿಸಿ, ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಅಗಿದಳು.

"ಇದಕ್ಕೇನಾ ಗಂಡಸರು ಇಷ್ಟು ಹೊಡೆದಾಡೋದು?" ಎಂದಳು ನುಂಗಿ. "ಇಲಿ ತೊಡೆ ಇದಕ್ಕಿಂತ ಮೆತ್ತಗಿರುತ್ತೆ ಭಾವ."

ಅಂಗಳ ಸಿಡಿಯಿತು. ಬೆಂಕಿಯ ಹತ್ತಿರ ಕುಳಿತಿದ್ದ ಮುದುಕರು ಒಬ್ಬರ ತೊಡೆ ಒಬ್ಬರು ಬಡಿದರು. ಮುನ್ನೂರು ಜನ ನಗುವಾಗ ಒಬ್ಬರೇ ಗಂಭೀರವಾಗಿ ಕುಳಿತರೆ ಚುನಾವಣೆ ಅಲ್ಲಿಗೇ ಮುಗಿಯುತ್ತದೆ ಎಂಬುದು ಕಪಂಬ್ವೆಗೆ ಹೊಳೆದದ್ದನ್ನು ನಾನು ಕಂಡೆ. ಅವರೂ ನಕ್ಕರು, ಎಲ್ಲರಿಗಿಂತ ಜೋರಾಗಿ, ಎಲ್ಲರಿಗಿಂತ ಕೊನೆಗೆ ನಿಲ್ಲಿಸಿದರು. ಹೊಟ್ಟೆ ಕುಣಿಯಿತು, ಕಣ್ಣು ಕುಣಿಯಲಿಲ್ಲ.

ತಿಯಾಮಿಕೆ ತಟ್ಟೆಯಿಂದ ತಲೆ ಎತ್ತಿ ಗಾಡಿಯ ಕಡೆ ಬೆರಳು ತೋರಿಸಿದಳು. "ಆ ನಾಲ್ಕು ಪಾತ್ರೆ ಯಾರು ತಂದಿದ್ದು?"

"ನಿಮ್ಮ ಭಾವಂದಿರು!" ಎಂದಿತು ಅಂಗಳ.

"ಹಂಗಾದ್ರೆ ಯಾರದು?"

"ನಿಂದು!"

"ಒಂದು ಪಾತ್ರೆ ಅಜ್ಜನ ಮನೆಯೋರಿಗೆ. ಮೂರು ನನ್ನ ಜೊತೆ ಅಳೋಕೆ ಬಂದೋರಿಗೆ. ಅತ್ತಿಗೆ, ಸೌಟು ಎಲ್ಲಿ?"

ಮುಟಾಲೆಯ ತಾಯಿ ಸೌಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಬಂದಿದ್ದಳು. ಹುಡುಗರು ಗೋಡೆಯುದ್ದಕ್ಕೂ ಕುಳಿತರು. ತಟ್ಟೆ ಸಾಲದೆ ನಾಲ್ಕೈದು ಜನ ಒಂದೇ ತಟ್ಟೆಗೆ ಕೈ ಹಾಕಿದರು, ಮನೆಯಲ್ಲಿ ಉಣ್ಣುವ ಹಾಗೆ. ಕಂದು ಮುದ್ದೆ, ಬೀಜದ ಸಾರು, ಸೊಪ್ಪು, ಮೀನು. ದಾನಿಗಳು ಹೇಳಿದ್ದರಲ್ಲಿ ಯಾವುದೂ ತಪ್ಪಿರಲಿಲ್ಲ. ಯಾರೂ ಭಾಷಣ ಮಾಡಲಿಲ್ಲ ಎಂಬುದನ್ನು ಬಿಟ್ಟರೆ ಅದು ಪೂರ್ತಿ ನಿಯಮಬದ್ಧ ಊಟ.

ಲೊಂಬೆ ತಿಯಾಮಿಕೆಯ ಪಕ್ಕ ಕುಕ್ಕರುಗಾಲಲ್ಲಿ ಕುಳಿತು ಅವಳ ತುತ್ತುಗಳನ್ನು ಕಾಯುತ್ತಿದ್ದರು. "ನಿಧಾನ. ಎಣ್ಣೆ ಬೇಡ. ಇನ್ನೊಂದು ಮುದ್ದೆ ತಗೋ. ಸಾಕು. ಸಾಕು ಅಂದೆ!"

"ಬೆಂಬಾ ಕೋಚ್ ಅಂದ್ರೆ ಹಿಂಗೇ," ಎಂದಳು ಬಾಯಿ ತುಂಬಿಕೊಂಡು. "ಅಂಗೋನಿ ಉಣ್ಣೋದು ನೋಡೋಕಾಗಲ್ಲ."

ಕಪಂಬ್ವೆ ನನ್ನನ್ನು ಹತ್ತಿರ ಕರೆದರು. "ಬರ್ಕೊಳ್ಳಿ ಮುದಾಲಾ. ನನ್ನ ತಟ್ಟೆಯಿಂದಲೇ ಮಗೂಗೆ ಕೊಟ್ಟೆ ಅಂತ."

"ಕೊಟ್ಟದ್ದೋ ಬ್ವಾನಾ, ಹೋದದ್ದೋ?"

ಅವರು ಎದ್ದು ಹೊರಟಾಗ ಮುಸೊಂಡಾ ಹಿಂದೆ ಓಡಿದರು, ಕೋಟಿನ ಜೇಬಿನಲ್ಲಿ ಕತ್ತರಿ ಸದ್ದು ಮಾಡುತ್ತ.

ತಿಯಾಮಿಕೆ ಉಂಡ ಕೂಡಲೇ ಹೋಗಲಿಲ್ಲ. ತಟ್ಟೆ ತೊಳೆದಳು. ಒಳಗೆ ಹೋಗಿ ವಿಧವೆಯ ಮುಂದೆ ಮಂಡಿಯೂರಿ, ಚಪ್ಪಾಳೆಯಂತೆ ಕೈ ತಟ್ಟಿ ನಮಸ್ಕರಿಸಿದಳು. "ನಾಳೆ ನೀರು ಹೊರೋಕೆ ಬರ್ತೀನಿ ಅತ್ತಿಗೆ," ಎಂದಳಂತೆ. ಮರುದಿನ ಊದಿದ ಕಣ್ಣು ಹೊತ್ತು ಬಂದು ನೀರು ಹೊತ್ತಳು ಕೂಡ. ನಾನು ನೋಡಿದ್ದೇನೆ.

ಸಂಜೆಯ ಎದುರಾಳಿ ಚಿಂಗೋಲಾದವಳು, ಎತ್ತರದ ಹುಡುಗಿ, ಉದ್ದ ಕೈ. ಮೊದಲ ಸುತ್ತು ಪೂರ್ತಿ ಅವಳದೇ. ಎರಡನೆಯದರಲ್ಲಿ ತಿಯಾಮಿಕೆಯ ಎಡಗಣ್ಣು ಊದಿತು, ಆದರೆ 'ಹೋಗುತ್ತೆ' ಎಂದು ಲೊಂಬೆ ಹೆದರಿದ್ದ ಕಾಲು ಹೋಗಲಿಲ್ಲ. ಮೂರನೆಯದರಲ್ಲಿ ಉದ್ದ ಕೈಯವಳು ಉಸಿರು ಹುಡುಕುತ್ತಿದ್ದಳು, ಇವಳು ಅವಳನ್ನು ಹುಡುಕುತ್ತಿದ್ದಳು. ತೀರ್ಪುಗಾರರಲ್ಲಿ ಒಬ್ಬರು ಆ ಕಡೆ ಕೊಟ್ಟರು, ಉಳಿದವರು ಈ ಕಡೆ. ಗೆದ್ದಳು. ದೊಡ್ಡ ಅಂತರದಿಂದ ಎಂದು ಬರೆದರೆ ಸುಳ್ಳಾಗುತ್ತದೆ.

ಸೋಮವಾರದ ಸಭೆಯಲ್ಲಿ ಮುಸೊಂಡಾ ಎದ್ದು ನಿಂತು, ಶನಿವಾರ ಬಡಿಸಿದ ಊಟ ಊಟವಲ್ಲ ಎಂದರು. ಉದ್ಘಾಟನೆಯಾಗದೆ ಯೋಜನೆ ಆರಂಭವಾದಂತಲ್ಲ. ಆದ್ದರಿಂದ ಬ್ವಾನಾ ಕಪಂಬ್ವೆ ಅವರ ಬಿಡುವು ನೋಡಿ ಹೊಸ ದಿನ ಗೊತ್ತುಮಾಡುವವರೆಗೆ ಉಗ್ರಾಣಕ್ಕೆ ಬೀಗ. ಬಾಗಿಲಲ್ಲಿ ನಿಂತಿದ್ದ ಮುಟಾಲೆಯ ತಾಯಿ, ಅಡುಗೆ ಮಾಡಿ ಕೈ ರೂಢಿಯಾಗದಿದ್ದರೆ ಉದ್ಘಾಟನೆಯ ದಿನ ಸೀದುಹೋದೀತು, ಬ್ವಾನಾ ಮುಂದೆ ಮಾನ ಹೋದೀತು ಎಂದಳು. ಸಮಿತಿ ಗಾಬರಿಯಾಯಿತು. ಅಂದಿನಿಂದ ನಮ್ಮ ಕೇಂದ್ರದಲ್ಲಿ ದಿನಾ ಮಧ್ಯಾಹ್ನ 'ಪ್ರಾಯೋಗಿಕ ಊಟ' ನಡೆಯುತ್ತಿದೆ. ಸೊಪ್ಪು ಚೆನ್ನಾಗಿರುತ್ತದೆ. ಯೋಜನೆ ಮಾತ್ರ, ಅಧ್ಯಕ್ಷರ ಪ್ರಕಾರ, ಇನ್ನೂ ಆರಂಭವಾಗಿಲ್ಲ.

ಕಪಂಬ್ವೆ ಅವರಿಗೆ ಬಿಡುವು ಸಿಕ್ಕಿದ್ದು ಮಳೆಗಾಲ ಮುಗಿದ ಮೇಲೆ. ಆ ಹೊತ್ತಿಗೆ ತಿಯಾಮಿಕೆಯ ಹೆಸರು ಪತ್ರಿಕೆಯಲ್ಲಿ ಎರಡು ಸಲ ಬಂದಿತ್ತು. ಪೌಷ್ಟಿಕ ಊಟದಿಂದ ಬೆಳೆದ ಪ್ರತಿಭೆ ಎಂದು ಅವಳನ್ನು ವೇದಿಕೆಯ ಮೇಲೆ ಕೂರಿಸುವ ಯೋಚನೆ ಮುಸೊಂಡಾಗೆ ಹೊಳೆಯಿತು. ಎಲ್ಲರಿಗೂ ಕೇಳಲಿ ಎಂದು ಫೋನನ್ನು ಮೇಜಿನ ಮೇಲೆ ಇಟ್ಟು ಜೋರು ಮಾಡಿ, ಲುಸಾಕಾದ ಶಿಬಿರಕ್ಕೆ ಕರೆ ಹಚ್ಚಿದರು.

"ತಿಯಾಮಿಕೆ, ಮಗಳೇ! ಹೇಗಿದೀಯ? ಶನಿವಾರ ನಮ್ಮ ಊಟದ ಉದ್ಘಾಟನೆ. ನೀನು ಬರ್ಲೇಬೇಕು. ಬ್ವಾನಾ ಕಪಂಬ್ವೆ ಪಕ್ಕದಲ್ಲೇ ನಿನಗೆ ಕುರ್ಚಿ."

ಆ ಕಡೆ ಯಾರೋ ಚೀಲ ಗುದ್ದುವ ಸದ್ದು ಕೇಳುತ್ತಿತ್ತು. ಅದು ನಿಂತಿತು.

"ಬರ್ತೀನಿ ಭಾವ," ಎಂದಳು. "ಆದ್ರೆ ಉಂಡ್ಕೊಂಡೇ ಬರ್ತೀನಿ."